ಭುಜದ ಮೇಲಿನ ನಾಲ್ಕು ಬೆರಳು

ಚಾಮರಾಜಪೇಟೆ, ಹೊರಡುವ ಮೊದಲು

ಜಪಾನಿಗೆ ಹೋಗಿ ಬಂದವರೆಲ್ಲ ಚೆರ್ರಿ ಹೂವಿನ ಕಥೆ ಹೇಳುತ್ತಾರೆ, ಬುಲೆಟ್ ರೈಲಿನ ಕಥೆ ಹೇಳುತ್ತಾರೆ. ನನ್ನ ಹತ್ತಿರ ಅವೆರಡೂ ಇಲ್ಲ. ನಾವು ಹೋಗುವಷ್ಟರಲ್ಲಿ ಹೂವು ಉದುರಿಹೋಗಿತ್ತು, ರೈಲಿನಲ್ಲಿ ನಾನು ಗೊರಕೆ ಹೊಡೆದೆ. ನಾನು ಹೇಳಹೊರಟಿರುವುದು ಒಂದು ಲೆನ್ಸಿನ ವಿಷಯ. ಇದನ್ನು ಓದಿದ ಮೇಲೆ ನಿಮ್ಮ ಮನೆಯ ಗೋಡೆಯಲ್ಲಿರುವ ಹಳೇ ಫೋಟೋಗಳನ್ನು ಹತ್ತಿರ ಹೋಗಿ ನೋಡಬೇಕು ಅನ್ನಿಸಿದರೆ ಅದಕ್ಕೆ ನಾನು ಜವಾಬ್ದಾರಳಲ್ಲ.

ಶುರುವಾದದ್ದು ಚಾಮರಾಜಪೇಟೆಯಲ್ಲಿ, ನನ್ನ ಸೋದರತ್ತೆ ಕಮಲಮ್ಮನವರ ಮನೆಯ ಹಾಲಿನಲ್ಲಿ. ಅತ್ತೆಗೆ ಎಂಬತ್ತೆರಡು. ಮಗ ಸೊಸೆಯ ಜೊತೆ ಇದ್ದಾರೆ. ಮೂರು ವರ್ಷದಿಂದ ಅವರಿಗೆ ಕತ್ತು ಅಲ್ಲಾಡುವ ಕಾಯಿಲೆ. 'ಬೇಡ, ಬೇಡ' ಅನ್ನುವ ಹಾಗೆ ತಲೆ ಸದಾ ಎಡಕ್ಕೂ ಬಲಕ್ಕೂ ಆಡುತ್ತಿರುತ್ತದೆ.

"ಇನ್ನೊಂದು ದೋಸೆ ಹಾಕ್ಲಾ ಅಂತ ಸೊಸೆ ಕೇಳ್ತಾಳೆ. ನಾನು ಹೂಂ ಅಂತೀನಿ, ಈ ಹಾಳು ಕತ್ತು ಬೇಡ ಅನ್ನುತ್ತೆ. ಅವಳು ಕತ್ತಿನ ಮಾತೇ ಕೇಳ್ತಾಳೆ ನೋಡು" ಎಂದು ಅವರೇ ನಗುತ್ತಾರೆ.

ಆ ಹಾಲಿನ ಗೋಡೆಯಲ್ಲಿ ಅತ್ತೆಯ ಗಂಡನ, ಅಂದರೆ ನಮ್ಮ ಮಾವನ ಫೋಟೋ ಇದೆ. ಮಾವ ಹೋಗಿ ಐವತ್ತು ವರ್ಷವಾಗುತ್ತಾ ಬಂತು. ಕಪ್ಪು ಬಿಳುಪಿನ ಫೋಟೋ. ತೆಳ್ಳನೆಯ ಮುಖ, ಗಿಡ್ಡ ಮೀಸೆ, ಕಣ್ಣಿನಲ್ಲಿ ಎಲ್ಲೋ ಎದ್ದು ಹೋಗುವ ಆತುರ. ನಾವು ನೋಡುವಾಗ ಬಲಗಡೆ ಕೆಳಮೂಲೆಯಲ್ಲಿ, ಅವರ ಭುಜದ ಮೇಲೆ, ಯಾರದೋ ಕೈ. ಕೈ ಪೂರ್ತಿ ಇಲ್ಲ, ನಾಲ್ಕು ಬೆರಳು ಅಷ್ಟೇ. ಚಿಕ್ಕವರಿದ್ದಾಗ ನಾವು ಬೇಸಿಗೆ ರಜಕ್ಕೆ ಹೋದರೆ ಆ ಫೋಟೋದ ಕೆಳಗೆ ಮಲಗಲು ಯಾರೂ ಒಪ್ಪುತ್ತಿರಲಿಲ್ಲ.

"ಯಾರ ಕೈ ಅತ್ತೆ ಅದು?" ಎಂದು ಕೇಳಿದಾಗಲೆಲ್ಲ ಅತ್ತೆ ಒಂದೇ ಉತ್ತರ ಕೊಡುತ್ತಿದ್ದರು. "ಯಾರದೋ ಮದುವೆ ಗ್ರೂಪ್ ಫೋಟೋದಿಂದ ಕತ್ತರಿಸಿದ್ದು. ಪಕ್ಕದೋನ ಕೈ ಬಂದಿದೆ."

ನಂಬದೇ ಇರಲು ಕಾರಣವಿರಲಿಲ್ಲ. ನಮ್ಮ ಮನೆಗಳಲ್ಲಿ ಇದು ಮಾಮೂಲು. ಬದುಕಿದ್ದಾಗ ಯಾರೂ ಒಬ್ಬರೇ ನೆಟ್ಟಗೆ ಕೂತು ಫೋಟೋ ತೆಗೆಸಿಕೊಳ್ಳುವುದಿಲ್ಲ. ಹೋದ ಮೇಲೆ ವೈಕುಂಠ ಸಮಾರಾಧನೆಯ ದಿನ ಹಾರ ಹಾಕಲು ಫೋಟೋ ಬೇಕಲ್ಲ ಎಂದು ಪರದಾಡುತ್ತಾರೆ. ಯಾವುದೋ ಗ್ರೂಪ್ ಫೋಟೋ ಹುಡುಕಿ, ತಲೆ ಕತ್ತರಿಸಿ, ದೊಡ್ಡದು ಮಾಡಿಸುತ್ತಾರೆ. ಪಕ್ಕದವರ ಕಿವಿಯೋ ಸೆರಗೋ ಜೊತೆಯಲ್ಲಿ ಬಂದು ಶಾಶ್ವತವಾಗಿ ಗೋಡೆ ಸೇರುತ್ತದೆ.

ಆದರೆ ಅತ್ತೆ ಆ ಕೈಯನ್ನು ಕಂಡರೆ ಆಗದವರ ಹಾಗೆ ಇದ್ದರು. ಪ್ರತಿ ವರ್ಷ ಮಾವನ ತಿಥಿಯ ದಿನ ಹಾರ ಹಾಕಿದ ಮೇಲೆ ಇನ್ನೊಂದು ಗೇಣು ಮಲ್ಲಿಗೆ ತಂದು ಆ ಬೆರಳುಗಳ ಮೇಲೆ ಸರಿಯಾಗಿ ಇಳಿಬಿಡುತ್ತಿದ್ದರು. ಹೂವು ಬಾಡಿ ಜಾರಿದರೆ ಎದ್ದು ಹೋಗಿ ಸರಿಮಾಡುತ್ತಿದ್ದರು.

ಹೋದ ಯುಗಾದಿ ಕಳೆದ ಮೇಲೆ ಒಂದು ಮಧ್ಯಾಹ್ನ ನನ್ನನ್ನು ಪಕ್ಕದಲ್ಲಿ ಕೂರಿಸಿಕೊಂಡರು. "ಸುಧಾ, ನಂದೊಂದು ಫೋಟೋ ತೆಗಿ. ಹಾರ ಹಾಕೋ ಫೋಟೋ."

"ಅಯ್ಯೋ, ಬಿಡ್ತು ಅನ್ನಿ ಅತ್ತೆ."

"ಯಾಕೆ ಬಿಡ್ತು? ನಾನೇನು ಇಲ್ಲೇ ಗೂಟ ಹೊಡ್ಕೊಂಡು ಕೂತಿರ್ತೀನಾ? ನಿಮ್ಮಪ್ಪನ ಕ್ಯಾಮೆರಾ ನಿನ್ನ ಹತ್ರ ಇದೆಯಲ್ಲ, ಅದರಲ್ಲೇ ತೆಗಿ. ಆದ್ರೆ ಒಂದು ಮಾತು. ನನ್ನ ಭುಜದ ಮೇಲೆ ಯಾರ ಕೈಯೂ ಇರಕೂಡದು. ಆಣೆ ಮಾಡು."

ಆಣೆ ಮಾಡಿದೆ. ಮಾಡುವಾಗ ಅದೇನು ಮಹಾ ಕಷ್ಟ ಅಂದುಕೊಂಡಿದ್ದೆ.

ಮೊದಲು ಮೊಬೈಲಿನಲ್ಲಿ ತೆಗೆದು ತೋರಿಸಿದೆ. ಅತ್ತೆ ನೋಡಿ, "ಇದ್ಯಾರೇ? ಮೂಗು ಆಲೂಗಡ್ಡೆ ಥರ ಇದೆ" ಅಂದರು. ತಪ್ಪು ಅವರದಲ್ಲ. ಹತ್ತಿರ ಹೋಗಿ ತೆಗೆದರೆ ಮೂಗು ಮುಂದೆ ಬರುತ್ತದೆ, ಕಿವಿ ಹಿಂದೆ ಓಡುತ್ತದೆ. ಮುಖ ಮುಖದ ಹಾಗೆ ಕಾಣಬೇಕಾದರೆ ಮೂರು ಹೆಜ್ಜೆ ದೂರ ನಿಲ್ಲಬೇಕು, ಅಷ್ಟು ದೂರದಿಂದ ಮುಖವನ್ನು ಹತ್ತಿರಕ್ಕೆ ಎಳೆಯುವ ಉದ್ದನೆಯ ಲೆನ್ಸ್ ಬೇಕು. ಅಪ್ಪನದು ರೇಂಜ್‌ಫೈಂಡರ್ ಅನ್ನುವ ಜಾತಿಯ ಹಳೇ ಫಿಲ್ಮ್ ಕ್ಯಾಮೆರಾ, ಅದಕ್ಕೆ ಇದ್ದದ್ದು ಒಂದೇ ಮಾಮೂಲಿ ಲೆನ್ಸು. ಉದ್ದದ್ದು ಇಲ್ಲಿ ಸಿಕ್ಕರೂ ಅದರ ಬೆಲೆ ಕೇಳಿ ಎದ್ದು ಬರಬೇಕು. ಹಳೆಯ ಲೆನ್ಸುಗಳೆಲ್ಲ ಟೋಕಿಯೋದಲ್ಲಿ ತರಕಾರಿ ಥರ ಜೋಡಿಸಿಟ್ಟಿರುತ್ತಾರೆ, ನಮ್ಮಂಥವರ ಕೈಗೂ ಎಟುಕುತ್ತವೆ ಎಂದು ಕೇಳಿದ್ದೆ. ಎದುರುಮನೆಯ ವತ್ಸಲಾ ಒಂದು ಪ್ಯಾಕೇಜ್ ಟೂರಿಗೆ ಜೊತೆ ಹುಡುಕುತ್ತಿದ್ದಳು. ಹೊರಟೆ.

ಟೋಕಿಯೋ, ಮೊದಲ ದಿನ

ವತ್ಸಲಾ ಮತ್ತು ನಾನು ಬಸವನಗುಡಿಯ ಒಂದೇ ಹೈಸ್ಕೂಲಿನಲ್ಲಿ ಇಪ್ಪತ್ತೆಂಟು ವರ್ಷ ಪಾಠ ಮಾಡಿದವರು. ನಾನು ಗಣಿತ, ಅವಳು ಕನ್ನಡ. ಅವಳ ಸೂಟ್‌ಕೇಸಿನಲ್ಲಿ ಅರ್ಧ ಚಟ್ನಿಪುಡಿ, ಇನ್ನರ್ಧ ಹೆದರಿಕೆ. ಬೆಕ್ಕು ಅಡ್ಡ ಬಂದರೆ ಜಪಾನಿನಲ್ಲೂ ಲೆಕ್ಕವೇ ಎಂದು ವಿಮಾನದಲ್ಲೇ ಕೇಳಿದಳು.

ಆ ಊರಿನ ಮೌನಕ್ಕೆ ನಾನು ತಯಾರಾಗಿರಲಿಲ್ಲ. ರೈಲು ತುಂಬ ಜನ, ಒಬ್ಬರೂ ಮಾತಾಡುವುದಿಲ್ಲ. ಫೋನಿನಲ್ಲೂ ಇಲ್ಲ, ಪಕ್ಕದವರ ಜೊತೆಗೂ ಇಲ್ಲ. ನಮ್ಮ ಗಾಂಧಿ ಬಜಾರಿನಲ್ಲಿ ಒಬ್ಬ ಹೂವಿನವಳು ಮಾಡುವಷ್ಟು ಸದ್ದನ್ನು ಅಲ್ಲಿ ಒಂದು ರೈಲು ಜನ ಸೇರಿ ಮಾಡುವುದಿಲ್ಲ. ವತ್ಸಲಾ ಸೀನಿದಳು, ಇಡೀ ಬೋಗಿ ನಮ್ಮ ಕಡೆ ನೋಡದೇ ಇರುವ ಪ್ರಯತ್ನ ಮಾಡಿತು.

"ಸಾವಿನ ಮನೆ ಥರ ಇದೆ ಕಣೇ" ಎಂದು ಅವಳು ಪಿಸುಗುಟ್ಟಿದಳು. ನಾನು ಬೈದೆ.

ಮಧ್ಯಾಹ್ನ ಒಂದು ಗುಡಿಯ ಮುಂದೆ ನಮ್ಮ ಗೈಡ್ ಹೆಂಗಸನ್ನು ನಡುವೆ ನಿಲ್ಲಿಸಿಕೊಂಡು ಫೋಟೋ ತೆಗೆಸಿಕೊಳ್ಳೋಣ ಎಂದೆ. ಅಷ್ಟು ಹೊತ್ತೂ ನಗುತ್ತಿದ್ದವಳು ಎರಡು ಹೆಜ್ಜೆ ಹಿಂದೆ ಸರಿದಳು. ಮೂರು ಜನ ನಿಂತು ಫೋಟೋ ತೆಗೆಸಿಕೊಂಡರೆ ನಡುವಿನವರು ಮೊದಲು ಹೋಗುತ್ತಾರಂತೆ, ಅವಳ ಅಜ್ಜಿ ಹೇಳುತ್ತಿದ್ದರಂತೆ. ವತ್ಸಲಾಗೆ ಪರಮಾನಂದ. ನಮ್ಮಲ್ಲೂ ಮೂರು ಜನ ನಿಲ್ಲಬಾರದು, ನಿಲ್ಲಲೇಬೇಕಾದರೆ ಪಕ್ಕದಲ್ಲಿ ಒಂದು ಕುರ್ಚಿಯನ್ನೋ ಛತ್ರಿಯನ್ನೋ ನಾಲ್ಕನೆಯವರ ಹಾಗೆ ಇಟ್ಟುಕೊಳ್ಳುತ್ತೇವೆ ಎಂದು ತನ್ನ ಅರೆಬರೆ ಇಂಗ್ಲಿಷಿನಲ್ಲಿ ವಿವರಿಸಿದಳು. ಇಬ್ಬರೂ ಅಕ್ಕತಂಗಿಯರ ಹಾಗೆ ಕೈ ಹಿಡಿದುಕೊಂಡರು. ಇಷ್ಟು ದೂರ ಹಾರಿ ಬಂದು ಮತ್ತೆ ನಮ್ಮ ಬೀದಿಯ ಭಯವನ್ನೇ ಕಂಡಂತಾಗಿ ನನಗೆ ಒಂಥರಾ ಆಯಿತು.

ಎರಡನೆಯ ದಿನ, ಮೂರನೆಯ ಮಹಡಿ

ಗುಂಪಿನವರು ಯಾವುದೋ ಕೆರೆ ನೋಡಲು ಹೋದರು. ನಾವಿಬ್ಬರು ಕಳ್ಳರ ಹಾಗೆ ಜಾರಿಕೊಂಡೆವು. ಕಾಟನ್‌ಪೇಟೆಯಲ್ಲಿ ಒಂದೊಂದು ಓಣಿಗೆ ಒಂದೊಂದು ಸಾಮಾನು ಇರುವ ಹಾಗೆ ಅಲ್ಲೂ ಒಂದು ಓಣಿ ಪೂರ್ತಿ ಹಳೇ ಕ್ಯಾಮೆರಾ. ಆದರೆ ಕಾಟನ್‌ಪೇಟೆಯಲ್ಲಿ ಅಂಗಡಿಯವನು ಬೀದಿಗೇ ಬಂದು ಕರೆಯುತ್ತಾನೆ. ಇಲ್ಲಿ ಅಂಗಡಿ ಎಲ್ಲಿದೆ ಎಂದು ಪತ್ತೆ ಹಚ್ಚುವುದೇ ಒಂದು ಪರೀಕ್ಷೆ. ನಾಲ್ಕು ಅಂಗಡಿ ಸುತ್ತಿ, ಬೆಲೆ ನೋಡಿ, ಸಪ್ಪೆ ಮೋರೆ ಹಾಕಿಕೊಂಡು, ಐದನೆಯದಾಗಿ ಒಂದು ಕಿರಿದಾದ ಕಟ್ಟಡದ ಮೂರನೆಯ ಮಹಡಿಗೆ ಹೋದೆವು. ಲಿಫ್ಟಿನಲ್ಲಿ ವತ್ಸಲಾಳ ಹ್ಯಾಂಡ್‌ಬ್ಯಾಗ್ ಮತ್ತು ನಾನು ಒಟ್ಟಿಗೆ ಹಿಡಿಸುವುದೇ ಕಷ್ಟವಾಯಿತು.

ಬಾಗಿಲು ತೆರೆದರೆ ಮಬ್ಬು ಬೆಳಕು. ಗೋಡೆ ತುಂಬ ಗಾಜಿನ ಬೀರು, ಬೀರು ತುಂಬ ಲೆನ್ಸು. ನೂರಾರು ಕಣ್ಣು ಒಟ್ಟಿಗೆ ನಮ್ಮನ್ನು ನೋಡಿದ ಹಾಗಾಯಿತು. ಅಂಗಡಿಯವನಿಗೆ ಅರವತ್ತರ ಮೇಲೆ, ಬೆಳ್ಳಗೆ, ಸಣ್ಣಗೆ, ಪಕ್ಕಾ ಲೈಬ್ರೇರಿಯನ್ನನ ಹಾಗಿದ್ದ. ಕಿಟಕಿಯ ಹತ್ತಿರ ಒಂದು ಎತ್ತರದ ಸ್ಟೂಲಿನ ಮೇಲೆ ತುಂಬ ವಯಸ್ಸಾದ ಅಜ್ಜಿಯೊಬ್ಬರು ಬೂದುಬಣ್ಣದ ಕಿಮೋನೊ ಉಟ್ಟು ಕೂತಿದ್ದರು. ಮೊದಲು ನಾನು ಅವರನ್ನು ಗೊಂಬೆ ಅಂದುಕೊಂಡೆ. ಆಮೇಲೆ ನೋಡಿದರೆ ಕತ್ತು ಆಡುತ್ತಿದೆ. ಎಡಕ್ಕೆ, ಬಲಕ್ಕೆ. ಬೇಡ, ಬೇಡ.

ವತ್ಸಲಾ ನನ್ನ ಮೊಣಕೈ ಹಿಡಿದಳು. "ಸುಧಾ, ಕಮಲತ್ತೆ ಥರಾನೇ ಕಣೇ."

ಫೋನಿನ ಅನುವಾದದ ಆ್ಯಪನ್ನು ನಡುವೆ ಇಟ್ಟುಕೊಂಡು ವ್ಯಾಪಾರ ಶುರುಮಾಡಿದೆವು. ಅಪ್ಪನ ಕ್ಯಾಮೆರಾ ಕಂಡು ಅವನು ಕೈಮುಗಿಯುವುದೊಂದು ಬಾಕಿ. ಏನು ತೆಗೆಯಬೇಕು ಎಂದು ಕೇಳಿದ. ಮುಖ, ಅಂದೆ. ಯಾರದು? ಅತ್ತೆಯದು, ಎಂಬತ್ತೆರಡು ವರ್ಷ. ಅವನು ಒಂದು ಗಳಿಗೆ ನನ್ನನ್ನು ನೋಡಿ, ಗಾಳಿಯಲ್ಲಿ ಬೆರಳಿನಿಂದ ಒಂದು ಚೌಕಟ್ಟು ಬರೆದ. ಚೌಕಟ್ಟಿನ ಮೇಲಿನ ಎರಡು ಮೂಲೆಗೆ ಪಟ್ಟಿ ಕಟ್ಟುವ ಹಾಗೆ ತೋರಿಸಿದ. ಅವರ ಕಡೆ ಸತ್ತವರ ಫೋಟೋಗೆ ಹೂವಿನ ಹಾರವಲ್ಲ, ಕಪ್ಪು ರಿಬ್ಬನ್ ಅಂತೆ. ಬದುಕಿದ್ದಾಗಲೇ ಆ ಫೋಟೋ ತೆಗೆಸಿ ಇಟ್ಟುಕೊಳ್ಳುವುದು ಅಲ್ಲಿ ಸಾಮಾನ್ಯವಂತೆ. ನಾನು ಹೂಂ ಅಂದೆ. ಸ್ಟೂಲಿನ ಮೇಲಿನ ಅಜ್ಜಿ ಏನೋ ಹೇಳಿದರು. ಫೋನು ತನ್ನ ಸಪ್ಪೆ ದನಿಯಲ್ಲಿ ಅದನ್ನು ಕನ್ನಡ ಮಾಡಿತು: "ಮುಖ ಹೊರಡುತ್ತಿದೆಯೇ?"

ಫೋನಿನ ಕನ್ನಡ ಅಷ್ಟೇ ಕಣೇ ಎಂದು ವತ್ಸಲಾಗೆ ಸಮಾಧಾನ ಹೇಳಿದೆ, ನನಗೂ ಹೇಳಿಕೊಂಡೆ.

ನನ್ನ ಕೈಗೆಟುಕುವಂಥವು ಎರಡು ಲೆನ್ಸು ಸಿಕ್ಕವು. ಒಂದು ರಷ್ಯಾದ ಎಂಬತ್ತೈದು ಮಿಲಿಮೀಟರಿನದು. ದಪ್ಪ ಗಾಜು, ಬೆಳಕನ್ನು ಗಟಗಟ ಕುಡಿಯುತ್ತದೆ, ಮಬ್ಬಿನಲ್ಲೂ ಬೇಗ ಫೋಟೋ ತೆಗೆಯಬಹುದು. ಇನ್ನೊಂದು ಜರ್ಮನಿಯ ತೊಂಬತ್ತರದು. ಸಣ್ಣ ಗಾಜು, ಸೋಮಾರಿ. ಅದಕ್ಕೆ ಬೆಳಕು ಸಾಲದು, ಕ್ಯಾಮೆರಾದ ಬಾಗಿಲನ್ನು, ಅಂದರೆ ಶಟರನ್ನು, ಹೆಚ್ಚು ಹೊತ್ತು ತೆರೆದಿಟ್ಟುಕೊಂಡು ಕೂರಬೇಕು, ಅಷ್ಟರಲ್ಲಿ ಎದುರಿನವರು ಅಲುಗಿದರೆ ಮುಖ ಮಸುಕು. ಅಲ್ಲಾಡುವ ಕತ್ತಿಗೆ ರಷ್ಯಾದ್ದೇ ಸರಿ ಎಂದು ಗಣಿತದ ಟೀಚರಾದ ನಾನು ಎರಡು ನಿಮಿಷದಲ್ಲಿ ತೀರ್ಮಾನ ಮಾಡಿದೆ. ಅಂಗಡಿಯವನು ತಲೆಯಾಡಿಸಿ, ಎರಡರಲ್ಲೂ ತೆಗೆದು ನೋಡಿ, ಆಮೇಲೆ ಹೇಳಿ, ಎಂದ. ಯಾರನ್ನು ತೆಗೆಯಲಿ? ಸ್ಟೂಲಿನ ಮೇಲಿನ ಅಜ್ಜಿ ಅವನ ತಾಯಿಯಂತೆ, ಅವರ ಕಡೆ ಕೈ ತೋರಿಸಿದ.

ಅದೇ ಅಜ್ಜಿಯ ಕೆಲಸವಂತೆ. ಲೆನ್ಸ್ ಪರೀಕ್ಷೆ ಮಾಡುವ ಗಿರಾಕಿಗಳಿಗೆಲ್ಲ ವರ್ಷಗಟ್ಟಲೆಯಿಂದ ಅವರೇ ಮುಖ. ಲೋಕದ ಯಾವ ಯಾವ ಊರಿನ ಯಾವ ಯಾವ ಡಬ್ಬಿಯಲ್ಲಿ ಆ ಮುಖ ಬಿದ್ದಿದೆಯೋ, ಒಬ್ಬರೂ ಒಂದು ಪ್ರತಿ ಕಳಿಸಿಲ್ಲ ಎಂದ.

ರೇಂಜ್‌ಫೈಂಡರಿನಲ್ಲಿ ಲೆನ್ಸಿನ ಒಳಗಿಂದ ನೋಡುವುದಿಲ್ಲ. ಪಕ್ಕದಲ್ಲಿ ಒಂದು ಪುಟ್ಟ ಕಿಟಕಿ, ಅದರಲ್ಲಿ ನೋಡಬೇಕು. ಕಿಟಕಿಯ ನಡುವೆ ಮುಖ ಎರಡಾಗಿ ಕಾಣುತ್ತದೆ, ಒಂದು ಗಟ್ಟಿ, ಇನ್ನೊಂದು ಅದರ ದೆವ್ವ. ಉಂಗುರ ತಿರುಗಿಸುತ್ತಾ ಹೋದರೆ ಆ ದೆವ್ವ ಮೆಲ್ಲಗೆ ಬಂದು ಮುಖದ ಒಳಗೆ ಕೂರುತ್ತದೆ, ಆಗ ಒತ್ತಬೇಕು. ಅಜ್ಜಿಯ ಮುಖ ಎರಡಾಗಿ, ಎರಡೂ ಅಲ್ಲಾಡುತ್ತಾ, ಒಂದಾಗಲು ಒಪ್ಪುತ್ತಲೇ ಇರಲಿಲ್ಲ. ರಷ್ಯಾದ ಲೆನ್ಸಿನಲ್ಲಿ ಹೇಗೋ ನಾಲ್ಕು ತೆಗೆದೆ. ಆಮೇಲೆ ಜರ್ಮನಿಯದನ್ನು ಹಾಕಿ, ಅದರ ಮೂತಿಗೆ ಅಂಗಡಿಯವನು ಕೊಟ್ಟ ಉದ್ದನೆಯ ಕಪ್ಪು ಕೊಳವೆ ಸಿಕ್ಕಿಸಿದೆ. ಬೆಳಕು ಅಡ್ಡ ಬೀಳದಿರಲು ಅದು. ಅದರಿಂದ ಒಂದು ತೊಂದರೆ ಎಂದರೆ ಆ ಪುಟ್ಟ ಕಿಟಕಿಯ ಬಲಗಡೆ ಕೆಳಮೂಲೆ ಪೂರ್ತಿ ಮುಚ್ಚಿಹೋಯಿತು. ಅಲ್ಲಿ ಏನಿದೆಯೋ ತೆಗೆಯುವವರಿಗೆ ಕಾಣುವುದಿಲ್ಲ.

ನಾನು ಉಸಿರು ಬಿಗಿಹಿಡಿದೆ. ಒತ್ತಬೇಕು ಅನ್ನುವಾಗ ಅಜ್ಜಿಯ ಕತ್ತು ತಟ್ಟನೆ ನಿಂತಿತು. ಕಣ್ಣು ನೆಟ್ಟಗೆ ನನ್ನನ್ನೇ ನೋಡುತ್ತಿತ್ತು. ನಾಲ್ಕು ತೆಗೆದೆ, ನಾಲ್ಕು ಸಲವೂ ನಿಂತಿತು. ಅಭ್ಯಾಸ ಬಲ ಅಂದುಕೊಂಡೆ.

ಅದೇ ಸಂಜೆ

ಒಂದು ಗಂಟೆಯಲ್ಲಿ ಫಿಲ್ಮ್ ತೊಳೆದುಕೊಡುವ ಅಂಗಡಿ ಪಕ್ಕದಲ್ಲೇ ಇತ್ತು. ಕವರ್ ತೆಗೆದುಕೊಂಡು ಬೀದಿಯ ಬೆಂಚಿನ ಮೇಲೆ ಕೂತು ನೋಡಿದೆವು.

ರಷ್ಯಾದ ನಾಲ್ಕರಲ್ಲೂ ಅಜ್ಜಿಯ ಕಣ್ಣು ಮಸುಕು, ಕಿವಿ ಮಾತ್ರ ಸ್ಪಷ್ಟ. ನಾನು ಕಣ್ಣಿಗೆ ಗುರಿಯಿಟ್ಟರೂ ಆ ಲೆನ್ಸು ನಾಲ್ಕು ಬೆರಳು ಹಿಂದಕ್ಕೆ ನೋಡಿತ್ತು. ಕೂತವರನ್ನು ಬಿಟ್ಟು ಅವರ ಬೆನ್ನ ಹಿಂದೆ ಯಾರಿದ್ದಾರೆ ಎಂದು ಹುಡುಕುವ ಬುದ್ಧಿ ಅದರದು. ಬೇಡವೇ ಬೇಡ ಎಂದು ಪಕ್ಕಕ್ಕಿಟ್ಟೆ.

ಜರ್ಮನಿಯದು ತೆಗೆದೆ. ಎಂಥ ಮುಖ! ಒಂದೊಂದು ಸುಕ್ಕೂ ಸಮಾಧಾನದಿಂದ ಕೂತಿತ್ತು. ಕಣ್ಣಿನಲ್ಲಿ ಕಿಟಕಿಯ ಬೆಳಕು. ಇದೇ, ಅತ್ತೆಗೆ ಇದೇ, ಎಂದು ನಾನು ಹೇಳುತ್ತಿರುವಾಗ ವತ್ಸಲಾ ಫೋಟೋದ ಬಲಗಡೆ ಕೆಳಮೂಲೆಯ ಮೇಲೆ ಬೆರಳಿಟ್ಟಳು.

ಭುಜದ ಮೇಲೆ ಒಂದು ಕೈ. ನಾಲ್ಕು ಬೆರಳು.

ನಾಲ್ಕು ಫೋಟೋದಲ್ಲೂ ಇತ್ತು. ರಷ್ಯಾದ ಒಂದರಲ್ಲೂ ಇರಲಿಲ್ಲ. ಮಾವನ ಫೋಟೋದಲ್ಲಿ ಎಲ್ಲಿತ್ತೋ ಅಲ್ಲೇ, ಹಾಗೇ. ನನಗೆ ಭೂತಪ್ರೇತದ ನಂಬಿಕೆ ಇಲ್ಲ ಎಂದು ಇಷ್ಟು ವರ್ಷ ಕ್ಲಾಸಿನಲ್ಲಿ ಕೊಚ್ಚಿಕೊಂಡವಳು ನಾನು. ಆ ಬೆಂಚಿನ ಮೇಲೆ ನಾಲ್ಕು ಫೋಟೋವನ್ನೂ ಮಗುಚಿ ತೊಡೆಯ ಮೇಲಿಟ್ಟುಕೊಂಡೆ.

"ಎಸೆದ್ಬಿಡು ಸುಧಾ" ಅಂದಳು ವತ್ಸಲಾ. "ಅಲ್ಲಿ ನಾವು ನಾಲ್ಕೇ ಜನ ಇದ್ದದ್ದು. ಆ ಕೈ ನಂದಲ್ಲ."

"ಅಂಗಡಿಯವನದು ಇರ್ಬೇಕು."

"ಅವನು ಬೀರು ಹತ್ರ ನಿಂತಿದ್ದ."

"ನೀನು ನೋಡ್ತಿದ್ಯಾ?"

"ನಾನು ಆ ಅಜ್ಜಿ ಮುಖ ನೋಡೋಕಾಗ್ದೆ ಕಿಟಕಿ ಆಚೆ ನೋಡ್ತಿದ್ದೆ" ಎಂದು ಒಪ್ಪಿಕೊಂಡಳು.

ಅಲ್ಲಿಗೆ ನನ್ನ ಕಣ್ಣಿಗೆ ಆ ಮೂಲೆ ಮುಚ್ಚಿತ್ತು, ಅವಳ ಕಣ್ಣು ಕಿಟಕಿಯ ಆಚೆ ಇತ್ತು. ನಾಳೆ ಹೋಗಿ ಕೇಳಿಯೇ ಬಿಡೋಣ ಎಂದು ಹೋಟೆಲಿಗೆ ನಡೆದೆವು. ದಾರಿಯಲ್ಲಿ ಎರಡು ಸಲ ನಾನು ನನ್ನ ಭುಜ ಮುಟ್ಟಿ ನೋಡಿಕೊಂಡೆ.

ಮೂರನೆಯ ದಿನ, ಬೆಳಿಗ್ಗೆ

ಲಿಫ್ಟು ತೆರೆದುಕೊಂಡಾಗ ಅಂಗಡಿಯ ಬಾಗಿಲು ಮುಚ್ಚಿತ್ತು. ಬಾಗಿಲಿಗೆ ಒಂದು ಬಿಳಿ ಕಾಗದ, ಅದರ ಮೇಲೆ ಕುಂಚದಲ್ಲಿ ಬರೆದ ಎರಡೇ ಅಕ್ಷರ. ಫೋನು ಹಿಡಿದು ನೋಡಿದೆ. 'ಶೋಕದಲ್ಲಿ' ಎಂದು ತೋರಿಸಿತು.

ವತ್ಸಲಾ ಲಿಫ್ಟಿನಿಂದ ಹೊರಗೇ ಬರಲಿಲ್ಲ. ನಾನು ಹಿಂದೆ ತಿರುಗುವಷ್ಟರಲ್ಲಿ ಅಂಗಡಿಯ ಬಾಗಿಲು ತೆರೆಯಿತು. ಅದೇ ಮನುಷ್ಯ, ಕಪ್ಪು ಕೋಟು ಹಾಕಿಕೊಂಡಿದ್ದ. ನಮ್ಮನ್ನು ಕಂಡು ಬಾಗಿ ನಮಸ್ಕರಿಸಿದ. ಅವನ ಹಿಂದೆ ಕಿಟಕಿಯ ಪಕ್ಕದ ಸ್ಟೂಲು ಖಾಲಿ ಇತ್ತು.

ಬೆಳಗಿನ ಜಾವ, ನಿದ್ದೆಯಲ್ಲೇ, ಎಂದ. ತೊಂಬತ್ನಾಲ್ಕು.

ಫೋಟೋದ ಕವರು ಚೀಲದಲ್ಲಿತ್ತು. ತೋರಿಸಲೋ ಬೇಡವೋ ಎಂದು ಒದ್ದಾಡಿ, ಕೊನೆಗೆ ಎರಡು ಕೈಯಲ್ಲೂ ಹಿಡಿದು ಕೊಟ್ಟೆ. ಅವನು ಬಹಳ ಹೊತ್ತು ನೋಡಿದ. ಆಮೇಲೆ ಆ ನಾಲ್ಕು ಬೆರಳಿನ ಪಕ್ಕಕ್ಕೆ ತನ್ನ ಬೆರಳುಗಳನ್ನು ಹಿಡಿದು ನನ್ನ ಕಡೆ ನೋಡಿದ. ಅವೇ ಬೆರಳುಗಳು.

ಖಾಲಿ ಸ್ಟೂಲಿನ ಹತ್ತಿರ ಹೋಗಿ ಮಂಡಿಯೂರಿ, ಕೈ ಮೇಲೆತ್ತಿ, ಗಾಳಿಯಲ್ಲಿ ಒಂದು ಭುಜ ಹಿಡಿದು ತೋರಿಸಿದ. ನಿಧಾನದ ಲೆನ್ಸಿಗೆ ಹಾಗೆ ಹಿಡಿಯಲೇಬೇಕಂತೆ. ಹಳೇ ಕಾಲದಲ್ಲಿ ಮಕ್ಕಳನ್ನು, ಮುದುಕರನ್ನು, ಜ್ವರದವರನ್ನು ಯಾರಾದರೂ ಪಕ್ಕದಲ್ಲಿ ಬಗ್ಗಿ ಕೂತು ಹಿಡಿದುಕೊಳ್ಳುತ್ತಿದ್ದರಂತೆ. ಅವನು ತಾಯಿಯ ಭುಜದ ಮೇಲೆ ಕೈ ಇಟ್ಟರೆ ಸಾಕು, ಅವರ ಕತ್ತು ನಿಲ್ಲುತ್ತಿತ್ತಂತೆ.

ಒಂದು ಫೋಟೋ ತನಗೆ ಬೇಕು ಎಂದ. ನಾಲ್ಕನ್ನೂ ಕೊಟ್ಟೆ. ನೆಗೆಟಿವ್ ಕೂಡ ಕೊಟ್ಟೆ. ಏನಾದರೂ ಹೇಳಬೇಕಲ್ಲ ಎಂದು, ಕಂಪ್ಯೂಟರಿನಲ್ಲಿ ಈಗ ಕೈಯನ್ನು ಅಳಿಸಿಬಿಡಬಹುದು ಅಂದೆ. ಅವನ ಉತ್ತರವನ್ನು ಫೋನು ಹೀಗೆ ಓದಿತು: "ಕೈ ಇರಲಿ. ನಾನು ಅಲ್ಲಿದ್ದೆ."

ಆಮೇಲೆ ಒಳಗೆ ಹೋಗಿ ಜರ್ಮನಿಯ ಲೆನ್ಸನ್ನು ಬಟ್ಟೆಯಲ್ಲಿ ಸುತ್ತಿ ತಂದ. ನಾನು ಬೇಡ ಅನ್ನಲಾಗಲಿಲ್ಲ, ಹೇಳಿದ್ದ ಬೆಲೆ ಕೊಟ್ಟು ತೆಗೆದುಕೊಂಡೆ. ಲಿಫ್ಟು ಇಳಿಯುವಾಗ ವತ್ಸಲಾ ನನ್ನನ್ನು ಮುಟ್ಟದ ಹಾಗೆ ಮೂಲೆಗೆ ಒತ್ತಿ ನಿಂತಿದ್ದಳು.

"ಸೂತಕದ ಮನೆಯಿಂದ ಕೊಂಡಿದೀಯ. ನೀರು ಹಾಕು ಅದಕ್ಕೆ."

"ಲೆನ್ಸಿಗೆ ನೀರು ಹಾಕಿದ್ರೆ ಕೆಟ್ಟುಹೋಗುತ್ತೆ ಕಣೇ."

"ಹಾಕ್ದೇ ಇದ್ರೆ ಏನು ಕೆಟ್ಟುಹೋಗುತ್ತೋ!"

ನಾನು ಹೋಟೆಲಿನಲ್ಲಿ ಸ್ನಾನಕ್ಕೆ ಹೋಗಿದ್ದಾಗ ಅವಳು ಅದನ್ನು ಒದ್ದೆ ಬಟ್ಟೆಯಲ್ಲಿ ಒರೆಸಿ, ಕೂದಲು ಒಣಗಿಸುವ ಯಂತ್ರದಲ್ಲಿ ಒಣಗಿಸಿ, ಕಿಟಕಿಯಲ್ಲಿಟ್ಟಿದ್ದಳು. ಪಕ್ಕದಲ್ಲಿ ಚಟ್ನಿಪುಡಿಯ ಜೊತೆ ತಂದಿದ್ದ ಅರಿಶಿನದ ಪೊಟ್ಟಣ. ಇಪ್ಪತ್ತೆಂಟು ವರ್ಷದ ಸ್ನೇಹ ಇಲ್ಲದಿದ್ದರೆ ಅವತ್ತು ಅವಳಿಗೆ ಗ್ರಹಚಾರ ಬಿಡಿಸುತ್ತಿದ್ದೆ. ಆದರೆ ನಿಜ ಹೇಳಬೇಕೆಂದರೆ ಸ್ವಲ್ಪ ಸಮಾಧಾನವೂ ಆಯಿತು.

ಎನ್.ಆರ್. ಕಾಲೋನಿ

ಊರಿಗೆ ಬಂದ ಮೇಲೆ ಲೆನ್ಸನ್ನು ನನ್ನ ಮನೆಯ ಬೀರುವಿನಲ್ಲಿಟ್ಟು ಬೀಗ ಹಾಕಿದೆ. ಮೂರು ವಾರ ತೆಗೆಯಲಿಲ್ಲ. ಕಾರಣ ನಿಮಗೆ ಗೊತ್ತು. ಆ ಲೆನ್ಸಿನಲ್ಲಿ ನಾನು ತೆಗೆದ ಮೊದಲನೇ ಮುಖ ಮಾರನೆಯ ಬೆಳಗು ನೋಡಲಿಲ್ಲ. ತೊಂಬತ್ನಾಲ್ಕು ವರ್ಷದವರು ಯಾವ ದಿನ ಬೇಕಾದರೂ ಹೋಗಬಹುದು, ಇದು ಲೆಕ್ಕ. ಆದರೆ ಎರಡನೇ ಮುಖ ಕಮಲತ್ತೆಯದು ಅನ್ನುವಾಗ ಯಾವ ಲೆಕ್ಕವೂ ಕೈಹಿಡಿಯಲಿಲ್ಲ. ಅತ್ತೆ ಫೋನು ಮಾಡಿದಾಗಲೆಲ್ಲ ನೆಗಡಿ, ಬ್ಯಾಂಕಿನ ಕೆಲಸ, ಗವಿಪುರದಲ್ಲಿ ಪೂಜೆ, ಹೀಗೆ ಸುಳ್ಳು ಹೇಳಿದೆ.

ಕೊನೆಗೆ ಒಂದು ದಿನ ಅವರು, "ಸುಧಾ, ನಿಂಗೆ ಭಯ ಆಗ್ತಿದೆ. ವತ್ಸಲಾ ಎಲ್ಲಾ ಹೇಳಿದ್ಲು. ನಾಳೆ ಹನ್ನೊಂದಕ್ಕೆ ಬಾ, ಮನೇಲಿ ಯಾರೂ ಇರಲ್ಲ" ಎಂದು ಫೋನಿಟ್ಟರು.

ಮತ್ತೆ ಚಾಮರಾಜಪೇಟೆ

ಅತ್ತೆ ಮೆಂತ್ಯದ ಬಣ್ಣದ ರೇಷ್ಮೆ ಸೀರೆ ಉಟ್ಟು, ಕಿಟಕಿಯ ಪಕ್ಕದ ಕುರ್ಚಿಯಲ್ಲಿ, ಮಾವನ ಫೋಟೋದ ಕೆಳಗೇ ಕೂತಿದ್ದರು. ಹೊರಗೆ ಮೋಡ. ಫ್ಲ್ಯಾಶ್ ಹಾಕಿದರೆ ಆಪರೇಷನ್ ಆದ ಕಣ್ಣು ಮುಚ್ಚಿಹೋಗುತ್ತದೆ. ಅಂಗಳಕ್ಕೆ ಬನ್ನಿ ಎಂದರೆ, "ಬೀದಿಯೋರೆಲ್ಲ ನೋಡ್ಲಿ ಅಂತಾನಾ?" ಎಂದರು. ಕ್ಯಾಮೆರಾವನ್ನು ಸ್ಟ್ಯಾಂಡಿಗೆ ಹಾಕಿ, ಪುಟ್ಟ ಕಿಟಕಿಯಲ್ಲಿ ನೋಡಿದೆ. ಅತ್ತೆಯ ಮುಖ ಎರಡಾಗಿ, ಎರಡೂ ಬೇಡ ಬೇಡ ಅನ್ನುತ್ತಿದ್ದವು. ಅವರು ಉಸಿರು ಕಟ್ಟಿ ಪ್ರಯತ್ನ ಮಾಡಿದರು. ಕತ್ತು ಇನ್ನೂ ಜಾಸ್ತಿ ಆಡಿತು.

ನಾನು ಕ್ಯಾಮೆರಾದಿಂದ ತಲೆ ಎತ್ತಿದೆ. "ಅತ್ತೆ, ಆಗಲ್ಲ. ಈ ಲೆನ್ಸು ನಿಧಾನದ್ದು. ಯಾರಾದ್ರೂ ಹಿಡ್ಕೊಳ್ದೇ ಇದ್ರೆ ಮುಖ ಬರಲ್ಲ. ನಾನು ಬೇರೆ ಲೆನ್ಸ್ ತರಿಸ್ತೀನಿ. ನಿಮಗೆ ಆಣೆ ಮಾಡಿದೀನಿ."

ಅತ್ತೆ ತಲೆಯೆತ್ತಿ ಮಾವನ ಫೋಟೋ ನೋಡಿದರು. "ಆ ಜಪಾನಿನೋನು ಕೈ ಇರಲಿ ಅಂದ್ನಂತೆ" ಅಂದರು.

"ಹೌದು."

"ಅವನು ಪುಣ್ಯವಂತ." ಸೆರಗಿನಿಂದ ಮೂಗು ಒರೆಸಿಕೊಂಡರು. "ಮದುವೆ ಫೋಟೋ ಅಲ್ಲ ಕಣೇ ಅದು. ನಿಮ್ಮಪ್ಪ ತೆಗೆದದ್ದು. ಇದೇ ಕ್ಯಾಮೆರಾ. ಯಾರ ಹತ್ರಾನೋ ಉದ್ದದ ಲೆನ್ಸ್ ಕೇಳಿ ತಂದಿದ್ದ. ನಾನೇ ಗಂಟುಬಿದ್ದು ತರಿಸಿದ್ದೆ. ಇವರದು ಒಬ್ಬರದೇ ಅಂತ ಒಂದು ಫೋಟೋ ಇರಲಿಲ್ಲ ಮನೇಲಿ. ಅವತ್ತು ಇವರಿಗೆ ಮೈ ಬಿಸಿ ಇತ್ತು, ಚಳಿ ಚಳಿ ಅಂತ ನಡುಗ್ತಿದ್ರು. ಒಬ್ಬನೇ ಕೂತು ಫೋಟೋ ತೆಗೆಸ್ಕೊಂಡ್ರೆ ಅದು ಗೋಡೆಗೇ ಹೋಗೋದು, ಬೇಡ ಕಮಲಾ, ಅಂತ ಎದ್ದೇಳೋಕೆ ಹೋದ್ರು. ನಾನು ಪಕ್ಕದಲ್ಲಿ ಬಗ್ಗಿ ಕೂತು ಭುಜ ಹಿಡ್ಕೊಂಡೆ. ಏಳದ ಹಾಗೆ ಒತ್ತಿ ಹಿಡ್ಕೊಂಡೆ."

ಹೊರಗೆ ಯಾರೋ ಸೊಪ್ಪು ಮಾರುತ್ತಾ ಹೋದರು.

"ಹನ್ನೊಂದು ದಿನ ಅಷ್ಟೇ ಇದ್ದದ್ದು ಆಮೇಲೆ" ಅಂದರು ಅತ್ತೆ. "ನಿಮ್ಮಪ್ಪಂಗೂ ಬಾಯಿ ಬಿಡಬೇಡ ಅಂತ ಹೇಳಿದ್ದೆ. ಕೇಳಿದೋರಿಗೆಲ್ಲ ಪಕ್ಕದೋನ ಕೈ ಅಂದೆ. ಐವತ್ತು ವರ್ಷದಿಂದ ನನ್ನ ಕೈ ನಾನೇ ಹೂವಲ್ಲಿ ಮುಚ್ತಿದೀನಿ."

ನಾನು ಫೋಟೋದ ಹತ್ತಿರ ಹೋದೆ. ಜಾರಿದ ಒಣ ಮಲ್ಲಿಗೆಯ ಎಳೆಯ ಪಕ್ಕ ಆ ನಾಲ್ಕು ಬೆರಳು. ಅವುಗಳ ಗಿಣ್ಣು ಬೆಳ್ಳಗಾಗಿದ್ದನ್ನು ನಾನು ಅಷ್ಟು ವರ್ಷದಲ್ಲಿ ಅವತ್ತೇ ನೋಡಿದ್ದು. ಬಲ ಹಾಕಿ ಒತ್ತಿದ ಕೈ ಅದು.

"ಬಾ" ಅಂದರು ಅತ್ತೆ. "ಕೈ ಇಡು. ಆದ್ರೆ ಒತ್ತಬೇಡ."

ಅಪ್ಪನ ಕ್ಯಾಮೆರಾದಲ್ಲಿ ಹತ್ತು ಸೆಕೆಂಡಿನ ಟೈಮರ್ ಇದೆ. ಹಿಡಿ ತಿರುಗಿಸಿ, ಗುಂಡಿ ಒತ್ತಿದೆ. ಕಿರ್ರ್ ಎಂದು ಅದು ತನ್ನಷ್ಟಕ್ಕೆ ಎಣಿಸತೊಡಗಿತು. ನಾನು ಓಡಿಬಂದು ಕುರ್ಚಿಯ ಪಕ್ಕ ಮಂಡಿಯೂರಿದೆ. ಈಗ ಕ್ಯಾಮೆರಾದ ಹಿಂದೆ ಯಾರೂ ಇರಲಿಲ್ಲ. ಖಾಲಿ ಕೋಣೆಯಲ್ಲಿ ಒಂದು ಗಾಜಿನ ಕಣ್ಣು ನಮ್ಮಿಬ್ಬರನ್ನು ನೋಡುತ್ತಿತ್ತು. ಮೇಲಿನಿಂದ ಮಾವನೂ ನೋಡುತ್ತಿದ್ದರು. ನಾವು ಮೂರು ಜನ ಆದೆವಲ್ಲ ಎಂದು ಆಗ ನನ್ನ ತಲೆಗೆ ಬಂತು, ನಡುವೆ ಕೂತವರು ಅತ್ತೆ.

ಕೈ ಎತ್ತಿದೆ. ಸೀರೆಯ ಅಂಚಿಗೆ ಇನ್ನೂ ಒಂದು ಗೇಣು ದೂರ ಇತ್ತು. ಆಗ ಅತ್ತೆಯ ಕತ್ತು ನಿಂತಿತು. ಮೂರು ವರ್ಷದಿಂದ ಎಚ್ಚರವಿದ್ದಾಗ ಒಂದು ಗಳಿಗೆಯೂ ನಿಲ್ಲದ ಕತ್ತು, ಯಾರೋ ಬಂದು ಮೆಲ್ಲಗೆ ಹಿಡಿದ ಹಾಗೆ ನಿಂತುಬಿಟ್ಟಿತು. ನಾನಿನ್ನೂ ಮುಟ್ಟಿರಲಿಲ್ಲ. ಅತ್ತೆ ನನ್ನ ಕಡೆ ತಿರುಗದೆ, ತುಟಿ ಅಲುಗಿಸದೆ, ಬಹಳ ಸಣ್ಣಗೆ "ಬಂದ್ರಾ?" ಅಂದರು.

ನಾನು ಕೈಯನ್ನು ಭುಜದ ಮೇಲೆ ಇಟ್ಟೆ. ಕ್ಯಾಮೆರಾ ಕ್ಲಿಕ್ ಅಂದಿತು.

ಅತ್ತೆ ಚೆನ್ನಾಗಿದ್ದಾರೆ. ನಿನ್ನೆ ದೋಸೆ ಬೇಕಿತ್ತು, ಕತ್ತು ಬೇಡ ಅಂದಿತಂತೆ. ಫೋಟೋ ತೊಳೆಸಿ, ದೊಡ್ಡದು ಮಾಡಿಸಿ ಕೊಟ್ಟೆ. ಮುಖ ತುಂಬ ಚೆನ್ನಾಗಿ ಬಂದಿದೆ, ಮೂಗು ಮೂಗಿನ ಹಾಗೇ ಇದೆ. ಕೆಳಮೂಲೆಯಲ್ಲಿ ನನ್ನ ನಾಲ್ಕು ಬೆರಳು. ಮುಂದೆ ಯಾರ ಮಕ್ಕಳೋ ಇದು ಯಾರ ಕೈ ಎಂದು ಹೆದರಿ ಬೇರೆ ಕೋಣೆಯಲ್ಲಿ ಮಲಗಬಹುದು. ಅತ್ತೆ ಕನ್ನಡಕ ಹಾಕಿಕೊಂಡು ಬಹಳ ಹೊತ್ತು ಆ ಮೂಲೆಯನ್ನೇ ನೋಡಿದರು.

"ಒತ್ತಿಲ್ಲ ತಾನೇ?" ಎಂದು ಕೇಳಿದರು.

"ಇಲ್ಲ ಅತ್ತೆ."

ಅವರು ಎದ್ದು, ಮಾವನ ಫೋಟೋದ ಮೇಲಿದ್ದ ಒಣಗಿದ ಮಲ್ಲಿಗೆಯ ಎಳೆಯನ್ನು ತೆಗೆದು ಕಿಟಕಿಯ ಕಟ್ಟೆಯ ಮೇಲಿಟ್ಟರು. ಈ ಸಲದ ತಿಥಿಗೆ ಆ ಬೆರಳುಗಳ ಮೇಲೆ ಹೂವು ಹಾಕಲಿಲ್ಲ.